ಮೂಗನ್ನು ನಂಬದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳದೆ ಆ ಹೆಸರನ್ನು ಒಮ್ಮೆ ಬಳಸಿಕೊಂಡಿದ್ದೇನೆ. ಇನ್ನೊಮ್ಮೆ ಬಳಸಲು ಮನಸ್ಸು ಒಪ್ಪುವುದಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ, ಮಗಳನ್ನು ಸ್ಕೂಲಿಗೆ ಬಿಟ್ಟು ಫ್ರೀವೇ ಹತ್ತುವಷ್ಟರಲ್ಲಿ ಫೋನು ಬಂತು. ಸ್ಯಾನ್ ಮಟಿಯೋದ ಒಂದು ಅಪಾರ್ಟ್‌ಮೆಂಟಿನ ಆಫೀಸಿನಿಂದ. ಆ ಕಡೆಯ ಹೆಂಗಸು ನನ್ನ ಹೆಸರನ್ನು ತಡವರಿಸಿ ಓದಿದಳು. ನಮ್ಮ ಬಾಡಿಗೆದಾರರೊಬ್ಬರ ಫಾರಮ್ಮಿನಲ್ಲಿ, ತುರ್ತಿಗೆ ಯಾರನ್ನು ಕರೆಯಬೇಕು ಅನ್ನುವಲ್ಲಿ ನಿಮ್ಮ ನಂಬರಿದೆ, ಅವರು ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡರು ಅಂದಳು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಒಂದು ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ನಮ್ಮಿಬ್ಬರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ಫಾರಮ್ಮು ತುಂಬಿದ್ದು ಅದಕ್ಕೂ ಮೊದಲಿರಬೇಕು. ಆಮೇಲೆ ನನ್ನ ಹೆಸರನ್ನು ಹೊಡೆದುಹಾಕಲು ಮರೆತರೋ, ಬೇಕೆಂದೇ ಹಾಗೆ ಬಿಟ್ಟರೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇಲ್ಲ.

ಅವರು ನನ್ನ ಸಹೋದ್ಯೋಗಿ. ಸ್ಯಾನ್ ಮಟಿಯೋದ ಒಂದು ಅನುವಾದದ ಕಂಪನಿಯಲ್ಲಿ ಇಬ್ಬರೂ ನೌಕರರು. ಫೋನಿನಲ್ಲಿ, ಗಾಡಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ಬೇರೆ ಬೇರೆ ಭಾಷೆಗೆ ತರುವುದು ನಮ್ಮ ಕೆಲಸ. ನಾನು ಕನ್ನಡ ನೋಡಿಕೊಳ್ಳುತ್ತಿದ್ದೆ, ಅವರು ಸ್ಲೊವೇನಿಯನ್. ಯುರೋಪಿನಲ್ಲಿ ಇಟಲಿಯ ಪಕ್ಕದಲ್ಲಿ ಅವರ ದೇಶ. 'ನಿಮ್ಮ ಬೆಂಗಳೂರಿನೊಳಗೆ ನಮ್ಮ ದೇಶದ ಜನರನ್ನೆಲ್ಲ ತಂದುಬಿಟ್ಟರೂ ಟ್ರಾಫಿಕ್ಕು ಹೆಚ್ಚಾಗಿದ್ದು ನಿಮಗೆ ಗೊತ್ತಾಗುವುದಿಲ್ಲ' ಎಂದು ನಗುತ್ತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಎತ್ತರದ ಆಳು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು, ಮೊಣಕೈ ಸವೆದ ಕಂದು ಸ್ವೆಟರು. ಎಂಜಿನಿಯರಾಗಿದ್ದ ಗಂಡನ ಜೊತೆ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದವರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಪ್ರತಿ ಭಾನುವಾರ ಊರಿನಲ್ಲಿದ್ದ ಅಣ್ಣನಿಗೆ ಫೋನು ಮಾಡುತ್ತಿದ್ದರು. ಒಂದು ಪದಕ್ಕಾಗಿ ಯೋಚಿಸುವಾಗ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ನಮ್ಮ ಸ್ನೇಹ ಶುರುವಾದದ್ದು ಆಫೀಸಿನ ಊಟದ ಕೋಣೆಯಲ್ಲಿ. ಹಿಂದಿನ ದಿನದ ಚಿತ್ರಾನ್ನ ತಂದಿದ್ದೆ. ಮುಚ್ಚಳ ತೆಗೆದು ಅಭ್ಯಾಸದಂತೆ ಒಮ್ಮೆ ಮೂಸಿದೆ. ಎದುರಿಗೆ ಕೂತಿದ್ದ ಅವರು ಚಮಚ ಕೆಳಗಿಟ್ಟರು.

'ಏನು ಪರೀಕ್ಷೆ ಮಾಡಿದೆ?'

'ಹಳಸಿದೆಯಾ ಅಂತ ನೋಡಿದೆ' ಎಂದು ಇಂಗ್ಲಿಷಿನ ನಡುವೆ ಆ ಒಂದು ಪದವನ್ನು ಕನ್ನಡದಲ್ಲೇ ಹೇಳಿದೆ. ಇಂಗ್ಲಿಷಿನಲ್ಲಿ ನನಗೆ ತೋಚಲಿಲ್ಲ.

'ಇನ್ನೊಮ್ಮೆ ಹೇಳು ಅದನ್ನು.'

ಹೇಳಿದೆ. ಹಾಲು ಹಳಸುವುದಿಲ್ಲ, ಒಡೆಯುತ್ತದೆ; ಹಣ್ಣು ಹಳಸುವುದಿಲ್ಲ, ಕೊಳೆಯುತ್ತದೆ; ಎಣ್ಣೆ, ತುಪ್ಪ, ಕೊಬ್ಬರಿಗೆ ಕಮಟು ಹಿಡಿಯುತ್ತದೆ; ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ; ಹಳಸುವುದು ಬೇಯಿಸಿದ ಅನ್ನ, ಸಾರು ಇಂಥವು ಮಾತ್ರ ಅಂತ ವಿವರಿಸಿದೆ. ಮನುಷ್ಯರ ನಡುವಿನ ಸಂಬಂಧವೂ ಹಳಸುತ್ತದೆ ಅಂತ ಸೇರಿಸಿದೆ. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡರು. ಆಮೇಲೆ, 'ಆದರೆ ನೀನು ನಿನ್ನ ಮೂಗನ್ನು ನಂಬುತ್ತೀಯಾ?' ಎಂದು ಕೇಳಿದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಸಂಜೆ ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ನಮ್ಮತ್ತೆ ಧಾರವಾಡದವರು, ಮಾವ ಹೋದಮೇಲೆ ಸ್ಯಾನ್ ಹೊಸೆಯ ನಮ್ಮ ಮನೆಯಲ್ಲೇ ಇದ್ದಾರೆ. 'ದೇವರು ಮತ್ತ ಮೂಗು ಯಾಕ ಕೊಟ್ಟಾನಂತ?' ಅಂದರು ಅತ್ತೆ. 'ಮೂಸಿ ನೋಡಿದ್ರ ಗೊತ್ತಾಗತದ. ಅದಕ್ಕ ಡಿಕ್ಷನರಿ ಬೇಕೇನು?'

ಅದಾದ ಕೆಲವು ತಿಂಗಳಿಗೆ ಆ ಫ್ರಿಜ್ಜಿನ ಕೆಲಸ ಬಂತು. ಫ್ರಿಜ್ಜಿನೊಳಗೆ ಕ್ಯಾಮೆರಾ ಇರುತ್ತದೆ, ಫೋನಿನಲ್ಲಿ ಒಂದು ಆ್ಯಪು. ಯಾವ ಡಬ್ಬಿ ಎಷ್ಟು ದಿನದಿಂದ ಕೂತಿದೆ, ಯಾವುದು ಕೆಟ್ಟಿರಬಹುದು ಅಂತ ಅದು ಹೇಳುತ್ತದೆ. ಸಾವಿರಾರು ಸಾಲು, ಅದರಲ್ಲಿ ಬಹುಪಾಲು ಊಟ ಕೆಡುವ ಬಗ್ಗೆ. ಎಲ್ಲ ಭಾಷೆಗಳ ಕೆಲಸವನ್ನೂ ಒಟ್ಟು ನೋಡಿಕೊಂಡು ಒಪ್ಪಿಗೆ ಕೊಡುವ ಜವಾಬ್ದಾರಿಯನ್ನು ನಮ್ಮ ಮ್ಯಾನೇಜರು ನನಗೆ ವಹಿಸಿದರು. ಮಂಡ್ಯ ಕಡೆಯವರು, ಒಳ್ಳೆಯ ಮನುಷ್ಯ. ಊರಿಗೆ ಹೋಗಿಬಂದಾಗಲೆಲ್ಲ ಇಡೀ ಆಫೀಸಿಗೆ ಕೋಡುಬಳೆ ತರುವವರು. 'ಇದು ಸ್ಮೂತಾಗಿ ಹೋಗ್ಲಿ ಕಣ್ರೀ, ನಿಮ್ಮನ್ನ ಪರ್ಮನೆಂಟ್ ಮಾಡ್ಸ್ತೀನಿ' ಅಂದಿದ್ದರು. ನಾನು ಮೂರು ವರ್ಷದಿಂದ ಕಾಂಟ್ರ್ಯಾಕ್ಟಿನ ಮೇಲಿದ್ದೆ.

ಆ ವಾರಗಳು ನನ್ನ ಕೆಲಸದ ಬದುಕಿನಲ್ಲೇ ಅತಿ ಸುಖದ ದಿನಗಳು ಅಂತ ಈಗ ಅನ್ನಿಸುತ್ತದೆ. ದಿನಕ್ಕೆ ನಾಲ್ಕು ಸಲ ಅವರು ನನ್ನ ಮೇಜಿಗೆ ಬರುತ್ತಿದ್ದರು. ಕೆಟ್ಟ ಹಾಲಿಗೆ ಅವರಲ್ಲಿ 'ಪೊಕ್ವಾರ್ಯೆನೊ' ಅನ್ನುತ್ತಾರೆ. ಕೆಟ್ಟುನಿಂತ ಗಡಿಯಾರಕ್ಕೂ ಅದೇ ಪದ, ಕೆಟ್ಟ ಮನುಷ್ಯನಿಗೂ ಅದೇ. 'ನಮ್ಮಲ್ಲೂ ಹಾಗೇ!' ಎಂದು ನಾನು ಕೂಗಿದ್ದಕ್ಕೆ ಅಕ್ಕಪಕ್ಕದವರು ತಿರುಗಿ ನೋಡಿದ್ದರು. ಕಮಟಿಗೆ ಅವರ ಪದ 'ಝಾರೆಕ್'. ಬಿಸಿಲಿನ ಕಿರಣಕ್ಕೂ ಅವರ ಭಾಷೆಯಲ್ಲಿ 'ಝಾರೆಕ್' ಎಂದೇ ಹೇಳುತ್ತಾರಂತೆ. 'ಕಿಟಕಿಯಿಂದ ಒಳಗೆ ಬಂದರೆ ಕಿರಣ, ಬೆಣ್ಣೆಯೊಳಗೆ ಸೇರಿದರೆ ಕಮಟು. ಇದನ್ನು ಯಂತ್ರಕ್ಕೆ ಹೇಗೆ ಹೇಳಿಕೊಡುತ್ತೀಯ?' ಎಂದು ಕೇಳಿದರು. ನಮಗೆ ಮೊದಲ ಕರಡು ಮಾಡಿಕೊಡುವ ಅನುವಾದದ ಯಂತ್ರ ನಿಜವಾಗಿಯೂ ಒಂದು ಕಡೆ ಬೆಣ್ಣೆಯನ್ನು ಬಿಸಿಲ ಕಿರಣ ಮಾಡಿತ್ತು. ಅದನ್ನು ಮುದ್ರಿಸಿ ತಮ್ಮ ಮೇಜಿನ ಗೋಡೆಗೆ ಅಂಟಿಸಿಕೊಂಡಿದ್ದರು.

ಜಗಳವನ್ನೂ ಆಡುತ್ತಿದ್ದರು, ಆದರೆ ದನಿ ಏರಿಸದೆ. ಆ್ಯಪು ಮಾಡಿದ ಹುಡುಗರು ಒಂದು ವಸ್ತು ಕೆಟ್ಟರೆ ಒಂದು ಸಾಲು, ಹಲವು ಕೆಟ್ಟರೆ ಇನ್ನೊಂದು ಸಾಲು ಅಂತ ಎರಡೇ ಜಾಗ ಬಿಟ್ಟಿದ್ದರು. ಸ್ಲೊವೇನಿಯನ್ನಿನಲ್ಲಿ ಎರಡಕ್ಕೆ ಬೇರೆಯೇ ರೂಪವಿದೆ, ಮೂರಕ್ಕೂ ನಾಲ್ಕಕ್ಕೂ ಮತ್ತೊಂದು. ಮೀಟಿಂಗಿನಲ್ಲಿ ಅವರು ಇದನ್ನು ಎತ್ತಿದಾಗ ಆ ಕಡೆಯ ಹುಡುಗನೊಬ್ಬ, ಎರಡು ಅಂದರೂ ಹಲವು ತಾನೇ, ಜನಕ್ಕೆ ಅರ್ಥವಾಗುತ್ತದೆ ಅಂದ. 'ಅರ್ಥವಾಗುತ್ತದೆ' ಅಂದರು ಅವರು. 'ಆದರೆ ಇಬ್ಬರೇ ಇರುವ ಮನೆಗೆ ಹೋಗಿ ನೀವೆಲ್ಲ ಹೇಗಿದ್ದೀರಿ ಅಂತ ಕೇಳಿದ ಹಾಗಿರುತ್ತದೆ. ಉಳಿದವರು ಎಲ್ಲಿ ಅಂತ ಹುಡುಕುತ್ತಾರೆ.' ಹುಡುಗನಿಗೆ ತಲೆಬುಡ ಅರ್ಥವಾಗಲಿಲ್ಲ. ಮೂರು ಮೀಟಿಂಗುಗಳಾದ ಮೇಲೆ ಜಾಗ ಸಿಕ್ಕಿತು.

ಕೊನೆಯ ಕಂತಿನಲ್ಲಿ ಬಂತು ಆ ಸಾಲು. ಡಬ್ಬಿಯ ಮೇಲೆ ತಾರೀಖು ಇಲ್ಲದಿದ್ದರೆ, ಮನೆಯಲ್ಲೇ ಮಾಡಿ ಇಟ್ಟದ್ದಾದರೆ, ಪರದೆಯ ಮೇಲೆ ಮೂಡುವ ಸಲಹೆ. ನೋಡಲು ಚೆನ್ನಾಗಿದ್ದು ವಾಸನೆಯೂ ಸರಿಯಿದ್ದರೆ ತಿನ್ನಬಹುದು, ಇಷ್ಟೇ ಅದರ ಅರ್ಥ. ನಾನು ಕನ್ನಡದಲ್ಲಿ ಅದನ್ನು ಎರಡು ನಿಮಿಷದಲ್ಲಿ ಮುಗಿಸಿ ಮುಂದಕ್ಕೆ ಹೋಗಿದ್ದೆ. ಅವರು ತಮ್ಮ ಕಾಲಂನಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಟಿಪ್ಪಣಿ ಹಾಕಿದ್ದರು: 'ಇದು ಸುಳ್ಳು. ನಾನು ಅನುವಾದ ಮಾಡುವುದಿಲ್ಲ.'

ಅದನ್ನು ನಾನು ಫ್ರಿಜ್ಜಿನ ಕಂಪನಿಗೆ ಕಳಿಸಿದೆ. ಮೂಲವನ್ನು ಈಗ ಬದಲಿಸಲಾಗದು, ಹಾಗೇ ಮುಂದುವರಿಸಿ ಎಂದು ಉತ್ತರ ಬಂತು. ಒಪ್ಪಿಸುವ ದಿನ ಸಂಜೆ ನಾಲ್ಕಾದರೂ ಆ ಒಂದು ಚೌಕ ಖಾಲಿಯೇ ಇತ್ತು. ಅವರು ಡಾಕ್ಟರ ಬಳಿಗೆ ಹೋಗಬೇಕೆಂದು ಬೇಗ ಹೊರಟಿದ್ದರು. ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

'ಇಷ್ಟೂ ಭಾಷೇಲಿ ಯಾರಿಗೂ ಇಲ್ದಿರೋ ಪ್ರಾಬ್ಲಮ್ಮು ಇವರೊಬ್ರಿಗೆ ಯಾಕ್ರೀ?'

'ತಪ್ಪು ಅಂತಾರೆ ಸರ್. ಬೇರೆ ಏನೂ ಹೇಳ್ಲಿಲ್ಲ.'

'ಅಲ್ಲಾ ಕಣ್ರೀ, ಸೋರ್ಸಲ್ಲಿ ಏನಿದ್ಯೋ ಅದನ್ನ ಬರ್ಯೋದು ನಮ್ ಕೆಲ್ಸ. ಸರಿನೋ ತಪ್ಪೋ ಅಂತ ನೋಡೋಕೆ ಅವರತ್ರ ಲಾಯರ್‌ಗಳಿದಾರೆ. ಮೆಷಿನ್ದು ಹಾಕಿ ಅಪ್ರೂವ್ ಕೊಡಿ. ಒಂದು ಸಾಲಿಗೋಸ್ಕರ ಇಡೀ ಡೆಲಿವರಿ ನಿಲ್ಸಕಾಗತ್ತಾ?'

ನಿಲ್ಲಿಸಲಾಗದು ಅಂತಲೇ ನನಗೂ ಅನ್ನಿಸಿತು. ಯಂತ್ರ ಕೊಟ್ಟ ಸ್ಲೊವೇನಿಯನ್ ಸಾಲನ್ನು ಆ ಚೌಕದಲ್ಲಿ ಕೂರಿಸಿದೆ. ಅದರಲ್ಲಿ ಒಂದು ಪದವೂ ನನಗೆ ಅರ್ಥವಾಗುತ್ತಿರಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲಿನ ಕೆಳಗೂ ಅದನ್ನು ಅನುವಾದಿಸಿದವರ ಹೆಸರು ತಾನಾಗಿಯೇ ಬೀಳುತ್ತದೆ. ಸ್ಲೊವೇನಿಯನ್ನಿಗೆ ಇದ್ದದ್ದು ಒಂದೇ ಹೆಸರು.

ಮರುದಿನ ಬೆಳಿಗ್ಗೆ ಅವರು ಅದನ್ನು ನೋಡಿದರು. ಕೂಗಾಡಲಿಲ್ಲ. ಹನ್ನೆರಡು ಗಂಟೆಗೆ ನನ್ನ ಬಳಿ ಬಂದು 'ಸ್ವಲ್ಪ ನಡೆಯೋಣ ಬಾ' ಅಂದರು. ರೈಲು ನಿಲ್ದಾಣದವರೆಗೆ ನಡೆದೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಊರಿಕೊಂಡು ಹೇಳಿದರು.

ಅವರಿಗಾಗ ಹನ್ನೊಂದು ವರ್ಷ. ಅಣ್ಣನಿಗೆ ಹದಿಮೂರು, ತಂಗಿಗೆ ಆರು. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಮಧ್ಯಾಹ್ನ ತಂಗಿಗೆ ಊಟ ಹಾಕುವ ಪಾಳಿ ಇವರದಾಗಿತ್ತು. ಅಮ್ಮ ಬೇಸಿಗೆಯಲ್ಲಿ ಕಾಳು ಬೇಯಿಸಿ ಗಾಜಿನ ಭರಣಿಗಳಲ್ಲಿ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ ನೆಲಮಾಳಿಗೆಯಲ್ಲಿ ಇಡುತ್ತಿದ್ದಳು. ಇವರು ಒಂದು ಭರಣಿ ತಂದರು. ಅಮ್ಮ ಹೇಳಿಕೊಟ್ಟ ಹಾಗೆ ಮೂಸಿದರು. ಏನೂ ವಾಸನೆಯಿಲ್ಲ. ಬಣ್ಣವೂ ಸರಿಯಿತ್ತು. ಈರುಳ್ಳಿ ಹೆಚ್ಚಿ, ಕುಂಬಳಬೀಜದ ಎಣ್ಣೆ ಹಾಕಿ ಕಲಸಿ ತಂಗಿಯ ಮುಂದಿಟ್ಟರು. ತಾವು ತಿನ್ನಲಿಲ್ಲ, ಅವರಿಗೆ ಕಾಳು ಸೇರುತ್ತಿರಲಿಲ್ಲ.

'ಮರುದಿನ ಅವಳು ನನ್ನನ್ನೇ ನೋಡುತ್ತ, ಅಕ್ಕಾ, ನೀನು ಇಬ್ಬರು ಕಾಣಿಸುತ್ತಿದ್ದೀಯ ಅಂದಳು. ಆಟ ಅಂದುಕೊಂಡೆ. ಹಾಗಾದರೆ ಇಬ್ಬರಲ್ಲಿ ಪಾತ್ರೆ ತೊಳೆಯುವವಳು ಯಾರು ತೋರಿಸು ಅಂದೆ. ಅವಳು ಬೆರಳು ಚಾಚಿ ನನ್ನ ಪಕ್ಕದ ಗಾಳಿಯನ್ನು ತೋರಿಸಿದಳು. ನಾನು ನಕ್ಕೆ. ತುಂಬ ಹೊತ್ತು ನಕ್ಕೆ.'

ಸಂಜೆಗೆ ತಂಗಿಯ ಮಾತು ತೊದಲಿತು. ಆಮೇಲೆ ನೀರೂ ಗಂಟಲಲ್ಲಿ ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ದರು. ನಾಲ್ಕನೆಯ ದಿನ ಅವಳು ಹೋದಳು. ಕಾಳಿನಲ್ಲಿ ಬೆಳೆದ ವಿಷ, ಅದಕ್ಕೆ ವಾಸನೆಯೇ ಇರಬೇಕೆಂದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳುತ್ತಿದ್ದದ್ದನ್ನು ಇವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು.

'ಮನೆಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಭರಣಿ ತೆಗೆದವರು ಯಾರು ಅಂತ ಕೂಡ ಯಾರೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.' ಅವರು ನನ್ನ ಕಡೆ ತಿರುಗಿದರು. 'ನಾನು ಇದನ್ನು ಮೊದಲೇ ನಿನಗೆ ಹೇಳಬೇಕಿತ್ತು. ಇದು ಸುಳ್ಳು ಅಂತ ಬರೆದರೆ ಸಾಕು ಅಂದುಕೊಂಡೆ. ಈಗ ನೋಡು, ಆ ಸಾಲು ನನ್ನ ಭಾಷೆಯಲ್ಲಿದೆ, ಕೆಳಗೆ ನನ್ನ ಹೆಸರಿದೆ.'

ತೆಗೆಸುತ್ತೇನೆ ಅಂದೆ. ಖಂಡಿತ ತೆಗೆಸುತ್ತೇನೆ ಅಂದೆ. ಅವರು ಎದ್ದು ಸ್ವೆಟರಿನ ಗುಂಡಿ ಹಾಕಿಕೊಂಡರು. ಅದೇ ದಿನ ಮೇಜು ಖಾಲಿ ಮಾಡಿಕೊಂಡು ಹೋದರು. ಗೋಡೆಗೆ ಅಂಟಿಸಿದ್ದ ಬಿಸಿಲ ಕಿರಣದ ಚೀಟಿಯನ್ನು ಬಿಟ್ಟುಹೋಗಿದ್ದರು.

ತೆಗೆಸಲು ಆರು ವಾರ ಹಿಡಿಯಿತು. ಮೊದಲ ಎರಡು ವಾರ ಮ್ಯಾನೇಜರ ಮೂಲಕ ಪ್ರಯತ್ನಿಸಿದೆ. 'ನೆಕ್ಸ್ಟ್ ವರ್ಷನ್ನಲ್ಲಿ ನೋಡಣ ಬಿಡ್ರೀ' ಅಂದರು. ಕೊನೆಗೆ ಮ್ಯಾನೇಜರಿಗೆ ಹೇಳದೆಯೇ ಫ್ರಿಜ್ಜಿನ ಕಂಪನಿಯಲ್ಲಿ ಆಹಾರದ ಸುರಕ್ಷತೆ ನೋಡುವ ಹೆಂಗಸಿಗೆ ನೇರವಾಗಿ ಬರೆದೆ. ಆಕೆ ಅದೇ ದಿನ ಉತ್ತರಿಸಿದಳು, ಈ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಅಂದಳು. ಆಮೇಲಿನ ಅಪ್‌ಡೇಟಿನಲ್ಲಿ ಎಲ್ಲ ಭಾಷೆಗಳಿಂದಲೂ ಅದು ಹೋಯಿತು. ಅದರ ಜಾಗದಲ್ಲಿ, ಅನುಮಾನವಿದ್ದರೆ ಎಸೆಯಿರಿ, ವಾಸನೆಯಿಂದ ಎಲ್ಲವೂ ತಿಳಿಯುವುದಿಲ್ಲ ಅನ್ನುವ ಸಾಲು ಬಂತು. ತಮ್ಮನ್ನು ದಾಟಿ ಹೋಗಿದ್ದಕ್ಕೆ ಮ್ಯಾನೇಜರು ಹಲವು ದಿನ ಮಾತಾಡಲಿಲ್ಲ. ಪರ್ಮನೆಂಟಿನ ಮಾತೂ ಅಲ್ಲಿಗೇ ನಿಂತಿತು. ನನಗೇನೂ ಬೇಸರವಾಗಲಿಲ್ಲ. ಹೇಳಿದ್ದನ್ನು ಮಾಡಿದೆ ಅನ್ನುವ ಒಂದು ಬಗೆಯ ಹೆಮ್ಮೆಯೇ ಇತ್ತು.

ಆ ಹೆಮ್ಮೆಯಿಂದಲೇ ಅವರಿಗೆ ಫೋನು ಮಾಡಿದೆ. ಅದೇ ಬೆಂಚಿನ ಹತ್ತಿರ ಬರುತ್ತೇನೆ ಅಂದರು. ಸೊರಗಿದ್ದರು. ಹೊಸ ಸಾಲನ್ನು ಫೋನಿನಲ್ಲಿ ತೋರಿಸಿದೆ. ಅದರ ಸ್ಲೊವೇನಿಯನ್ನನ್ನು ಎರಡು ಸಲ ಓದಿದರು. ಚೆನ್ನಾಗಿದೆ, ಯಾರು ಮಾಡಿದ್ದು ಅಂತ ಕೇಳಿದರು. ಯಾರೋ ಹೊಸಬರು ಅಂದೆ.

'ಎಷ್ಟು ದಿನ ಇತ್ತು ಹಳೆಯದು?'

'ಆರು ವಾರ.'

'ಎಷ್ಟು ಜನ ಓದಿರಬಹುದು?'

'ಗೊತ್ತಾಗೋದಿಲ್ಲ. ಲೆಕ್ಕ ಇಡೋದಿಲ್ಲ.'

'ಹಾಗಾದರೆ ನಿನ್ನದು ನನ್ನದಕ್ಕಿಂತ ಕಷ್ಟ' ಅಂದರು. ಬೈಗುಳದ ಹಾಗಿರಲಿಲ್ಲ ಆ ದನಿ. ಜ್ವರ ಬಂದವರ ಹಣೆ ಮುಟ್ಟಿ ನೋಡಿ ಹೇಳಿದ ಹಾಗಿತ್ತು. 'ನನಗೆ ಅವಳ ಹೆಸರಾದರೂ ಗೊತ್ತು. ಅವಳಿಗೆ ಯಾವ ಬಣ್ಣದ ರಿಬ್ಬನ್ನು ಇಷ್ಟ ಅಂತ ಗೊತ್ತು. ನಿನಗೆ ಯಾರೂ ಬಂದು ಏನನ್ನೂ ಹೇಳುವುದಿಲ್ಲ.'

ದಕ್ಷಿಣಕ್ಕೆ ಹೋಗುವ ರೈಲು ಬಂತು. ನಾನು ಅದನ್ನು ಹತ್ತಿದೆ. ಆಮೇಲೆ ಹಲವು ಸಲ ಫೋನು ಮಾಡಿದೆ, ಅವರು ಎತ್ತಲಿಲ್ಲ. ಆಮೇಲೆ ನಾನೂ ಬಿಟ್ಟೆ.

ಅವರು ಹೇಳಿದ್ದು ನಿಜವಾಯಿತು. ಏನೋ ಆಯಿತು ಎಂದು ಯಾರೂ ನನಗೆ ಹೇಳಿಲ್ಲ. ಬಹುಶಃ ಏನೂ ಆಗಿಲ್ಲ. ಆದರೂ ಇಂಡಿಯನ್ ಅಂಗಡಿಯಲ್ಲಿ ಉಪ್ಪಿನಕಾಯಿಯ ಸಾಲಿನ ಮುಂದೆ ನಿಂತಾಗ, ಲಿವರ್‌ಮೋರಿನ ದೇವಸ್ಥಾನದಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡ ಮಕ್ಕಳನ್ನು ಕಂಡಾಗ, ಒಬ್ಬ ಹುಡುಗಿ ಯಾರದೋ ಪಕ್ಕದ ಗಾಳಿಯತ್ತ ಬೆರಳು ಚಾಚುವುದು ಕಾಣಿಸುತ್ತದೆ. ಆ ಬೆರಳನ್ನು ನಾನು ನೋಡಿಯೇ ಇಲ್ಲ, ಕೇಳಿದ್ದು ಮಾತ್ರ. ಕಳೆದ ವರ್ಷ ಮಗಳು ಹೊಸ ಕನ್ನಡಕ ಹಾಕಿಕೊಂಡು, 'ಅಮ್ಮಾ, ಐ ಸೀ ಟೂ ಆಫ್ ಯೂ' ಎಂದು ನಕ್ಕಾಗ ಅವಳ ತೋಳು ಹಿಡಿದು ಎಷ್ಟು ಜೋರಾಗಿ ಅಲುಗಿಸಿದೆನೆಂದರೆ ಅವಳು ಅತ್ತುಬಿಟ್ಟಳು. ಯಾಕೆ ಅಂತ ಗಂಡ ಕೇಳಿದ. ತಲೆನೋವು ಅಂದೆ.

ಸಾವಿನ ಸುದ್ದಿ ಬಂದ ಹತ್ತು ದಿನಕ್ಕೆ ಅವರ ಅಣ್ಣನ ಮಗಳು ಸ್ಲೊವೇನಿಯಾದಿಂದ ಫೋನು ಮಾಡಿದಳು. ಅಪಾರ್ಟ್‌ಮೆಂಟಿನವರು ನನ್ನ ನಂಬರು ಕೊಟ್ಟಿದ್ದರಂತೆ. ಅಣ್ಣ ಹಿಂದಿನ ವರ್ಷವೇ ತೀರಿಕೊಂಡಿದ್ದ. ತನ್ನ ಸೋದರತ್ತೆಯನ್ನು ನೋಡಿದ್ದು ಎರಡೇ ಸಲ, ಅವರು ಹೇಗಿದ್ದರು ಅಂತ ಸ್ವಲ್ಪ ಹೇಳುತ್ತೀರಾ ಎಂದು ಕೇಳಿದಳು. ನಾನು ಪದಗಳ ಬಗ್ಗೆ ಹೇಳಿದೆ, ಎರಡಕ್ಕಾಗಿ ಆಡಿದ ಜಗಳ ಹೇಳಿದೆ. ಆಮೇಲೆ, ಅವಳಿಗೆ ಗೊತ್ತಿರುತ್ತದೆ ಅಂದುಕೊಂಡು, ತಂಗಿಗೆ ಕಾಳು ಕೊಟ್ಟ ನೋವನ್ನು ಅವರು ಕೊನೆತನಕ ಹೊತ್ತಿದ್ದರು ಅಂದುಬಿಟ್ಟೆ.

ಅವಳು ಅಲ್ಲಿಗೇ ನನ್ನನ್ನು ತಡೆದಳು.

'ಅತ್ತೆ ತಾನು ಮಾಡಿದ್ದು ಅಂದುಕೊಂಡಿದ್ದರಾ?' ಎಂದಳು. 'ಆ ಭರಣಿಯನ್ನು ಮೊದಲು ತೆಗೆದದ್ದು ನಮ್ಮಪ್ಪ.'

ಅವಳು ಹೇಳಿದ್ದು ಇಷ್ಟು. ಅಂದು ಶಾಲೆಯಿಂದ ಮೊದಲು ಬಂದವನು ಅಣ್ಣ. ಹಸಿವಾಗಿತ್ತು. ನೆಲಮಾಳಿಗೆಗೆ ಇಳಿದು ಒಂದು ಭರಣಿ ಎತ್ತಿಕೊಂಡ. ಮುಚ್ಚಳ ಉಬ್ಬಿತ್ತು. ತೆಗೆದಾಗ ಒಳಗಿನ ನೀರು ಬುಸ್ಸೆಂದು ಚಿಮ್ಮಿ ಅಂಗಿಯ ಮೇಲೆ ಬಿತ್ತು. ಉಬ್ಬಿದ ಭರಣಿ ಕಂಡರೆ ಎಸೆಯಬೇಕು ಅಂತ ಅಮ್ಮ ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ಕೇಳದೆ ತೆಗೆದದ್ದಕ್ಕೆ ಏಟು ಬೀಳುತ್ತದೆಂದು ಹೆದರಿ, ಒರೆಸಿ, ಮತ್ತೆ ಗಟ್ಟಿಯಾಗಿ ಮುಚ್ಚಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಇಟ್ಟು ಹೊರಗೆ ಓಡಿದ. ಸ್ವಲ್ಪ ಹೊತ್ತಿಗೆ ಇವರು ಇಳಿದುಬಂದು, ಕೈಗೆ ಮೊದಲು ಸಿಕ್ಕ ಭರಣಿಯನ್ನು ಎತ್ತಿಕೊಂಡರು. ಆ ಹೊತ್ತಿಗೆ ಮುಚ್ಚಳದ ಉಬ್ಬು ಇಳಿದಿತ್ತು.

'ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ವಾರ ನನಗೆ ಇದನ್ನು ಹೇಳಿದರು. ಅತ್ತೆಗೆ ಹೇಳಬೇಕು, ಹೇಗೆ ಹೇಳಲಿ ಅನ್ನುತ್ತಿದ್ದರು. ಅವಳಿಗೆ ಗೊತ್ತಾದರೆ ನನ್ನ ಜೊತೆ ಮಾತು ಬಿಡುತ್ತಾಳೆ ಅಂತ ಹೆದರಿದ್ದರು.'

'ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದರಲ್ಲ?'

'ಹೌದು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಅಲ್ಲಿ ಮಳೆ ಬಂತಾ, ಇಲ್ಲಿ ಹಿಮ ಬಿತ್ತು, ಮೊಣಕಾಲು ನೋವು ಹೇಗಿದೆ, ಇಷ್ಟೇ. ನಲವತ್ತು ವರ್ಷ.'

ಅವಳು ಅಳುತ್ತಿದ್ದಳು. ಅವರ ಬಟ್ಟೆ, ಪುಸ್ತಕಗಳನ್ನು ನಾನೇ ಕಟ್ಟಿ ಕಳಿಸುತ್ತೇನೆಂದು ಹೇಳಿ ಫೋನಿಟ್ಟೆ.

ಅಡುಗೆಮನೆಯಲ್ಲಿ ಅತ್ತೆ ಸಂಜೆಯ ಚಪಾತಿಗೆ ಹಿಟ್ಟು ನಾದುತ್ತಿದ್ದರು. ನನ್ನ ಮುಖ ನೋಡಿ, 'ಯಾರ ಫೋನವಾ? ಏನಾತು?' ಅಂದರು. ಏನಿಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎರಡು ವರ್ಷದಿಂದ ಅದನ್ನೇ ಹೇಳಿದ್ದೆ, ಅತ್ತೆಗೆ, ಗಂಡನಿಗೆ, ಮಗಳಿಗೆ. ಅಂದು ಅದನ್ನು ಹೇಳಲಾಗಲಿಲ್ಲ. ಸಿಂಕಿಗೆ ಒರಗಿ ನಿಂತು ಹೇಳಿದೆ. ತಂಗಿಯ ಸಾವು, ಖಾಲಿ ಚೌಕ, ಕೇಳದೆ ಹಾಕಿದ ಹೆಸರು, ಆರು ವಾರ.

ಅತ್ತೆ ನಾದುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮುಗಿದಮೇಲೆ ಕೇಳಿದರು:

'ಆ ಮಾತು ಕನ್ನಡದಾಗೂ ಇತ್ತೇನು?'

'ಇತ್ತು.'

'ಅದನ್ನ ಮಷೀನು ಬರದದ್ದೇನು?'

'ಇಲ್ಲ ಅತ್ತೆ. ನಾನೇ ಬರೆದಿದ್ದು. ಧಾರಾಳವಾಗಿ ತಿನ್ನಬಹುದು ಅಂತ ಬರೆದಿದ್ದೆ. ಇಂಗ್ಲಿಷಲ್ಲಿ ಧಾರಾಳವಾಗಿ ಅನ್ನೋ ಪದ ಇರ್ಲಿಲ್ಲ. ಓದೋಕೆ ಚೆನ್ನಾಗಿರತ್ತೆ ಅಂತ ನಾನೇ ಸೇರಿಸ್ದೆ. ಇದನ್ನ ಅವರಿಗೂ ಹೇಳಲಿಲ್ಲ.'

ಅತ್ತೆ ನಲ್ಲಿ ತಿರುಗಿಸಿ ಕೈಗೆ ಮೆತ್ತಿದ್ದ ಹಿಟ್ಟನ್ನು ತೊಳೆದುಕೊಂಡರು. ಸೆರಗಿಗೆ ಕೈ ಒರೆಸಿಕೊಂಡು ಎರಡು ಕುರ್ಚಿಗಳನ್ನು ಎದುರುಬದುರಾಗಿ ಎಳೆದರು. ಒಂದರಲ್ಲಿ ತಾವು ಕೂತರು.

'ನಿಂತು ಹೇಳೋ ಮಾತಲ್ಲ ಇದು' ಅಂದರು. 'ಕೂಡು. ಇನ್ನೊಮ್ಮೆ ಮೊದಲಿಂದ ಹೇಳು.'